ಗುಂಡಿ ತೋಡೋಕೆ ಮುಂಚೆ ಹುಲ್ಲು ನೋಡಿ

ಮಂಡ್ಯ ಅಂದ್ರೆ ಹೊರಗಿನೋರಿಗೆ ಕಬ್ಬು, ಭತ್ತ, ನಾಲೆ, ಆಲೆಮನೆ. ಸರಿ, ಅದೂ ಮಂಡ್ಯನೇ. 1911ರಲ್ಲಿ ಕಟ್ಟೋಕೆ ಶುರುಮಾಡಿ 30ರ ದಶಕದ ಆರಂಭದಲ್ಲಿ ಮುಗಿಸಿದ ಕೆಆರ್‌ಎಸ್ ಇಂದ ವಿಸಿ ನಾಲೆ ಎಲ್ಲೆಲ್ಲಿ ಹರೀತೋ ಅಲ್ಲೆಲ್ಲ ಆ ಮಂಡ್ಯ ಹುಟ್ಕೊಳ್ತು. ಆದ್ರೆ ನಾಗಮಂಗಲದ ಕಡೆ ಹೋಗಿ, ಮೇಲುಕೋಟೆ ಬೆಟ್ಟದ ಹಿಂದಕ್ಕೆ ಹೋಗಿ, ಕೆ.ಆರ್. ಪೇಟೆಯ ಒಣ ಭಾಗಕ್ಕೆ ಹೋಗಿ, ಅಲ್ಲಿ ನಾಲೆ ನೀರು ಹತ್ತದೇ ಇರೋ ದಿಣ್ಣೆಗಳು ಸಿಗ್ತವೆ, ವರ್ಷಕ್ಕೆ ಹೆಚ್ಚುಕಮ್ಮಿ 700 ಮಿಲಿಮೀಟರ್ ಮಳೆ, ಅದೂ ಬಂದ್ರೆ ಬಂತು. ನಾನು ಇವತ್ತು ಮಾತಾಡೋಕೆ ಬಂದಿರೋದು ಆ ದಿಣ್ಣೆ ಮೇಲಿನ ಹುಲ್ಲಿನ ಬಗ್ಗೆ, ಹುಲ್ಲಿನ ಕೆಳಗಿರೋ ಮಣ್ಣಿನ ಬಗ್ಗೆ.

ಮಾರ್ಚ್ ಏಪ್ರಿಲ್‌ನಲ್ಲಿ ಅಂಥ ಒಂದು ಕಾವಲಿನ, ಅಂದ್ರೆ ದನ ಮೇಯೋಕೆ ಬಿಟ್ಟ ಹುಲ್ಲುಗಾವಲಿನ ಮುಂದೆ ನಿಂತ್ಕೊಂಡ್ರೆ ಏನ್ ಕಾಣುತ್ತೆ? ಒಣಗಿದ ಹುಲ್ಲಿನ ಬುಡಗಳು, ಮಧ್ಯೆ ಮಧ್ಯೆ ಕೆಂಪು ನೆಲ, ಒಂದಷ್ಟು ಬೆಣಚುಕಲ್ಲು, ಅಲ್ಲೊಂದು ಇಲ್ಲೊಂದು ತಂಗಡಿ ಗಿಡ, ಬಂದರೆ ಗಿಡ, ದೂರದಲ್ಲೊಂದು ಬಿಳಿಜಾಲಿ. ನೋಡಿದೋರು ಏನಂತಾರೆ, "ಏನೂ ಇಲ್ಲ ಇಲ್ಲಿ, ಖಾಲಿ ಜಾಗ, ನಾಲ್ಕು ಗಿಡ ನೆಟ್ರೆ ಪುಣ್ಯ ಬರುತ್ತೆ". ಈ ಮಾತನ್ನ ಒಳ್ಳೇ ಮನಸ್ಸಿಂದಾನೇ ಹೇಳ್ತಾರೆ, ನಂಗೆ ಗೊತ್ತು. ಆದ್ರೆ ನಮ್ಮ ಕಡೆ ಹಳೇ ಹುಲ್ಲುಗಾವಲು ಹಾಳಾಗಿರೋದ್ರಲ್ಲಿ ಆ ಒಳ್ಳೇ ಮನಸ್ಸಿನ ಪಾಲೂ ದೊಡ್ಡದಿದೆ. ಆ ಜಾಗ ಖಾಲಿ ಇಲ್ಲ ಕಣ್ರೀ. ಅದರಲ್ಲಿರೋದು ಬಹುಪಾಲು ನೆಲದ ಕೆಳಗಿದೆ, ಅಷ್ಟೇ.

ಮೊದಲು ಮಣ್ಣಿಂದ ಶುರು ಮಾಡೋಣ, ಯಾಕಂದ್ರೆ ಗಿಡದ ಬಗ್ಗೆ ಮಾತಾಡೋರು ಸಿಗ್ತಾರೆ, ಮಣ್ಣಿನ ಬಗ್ಗೆ ಯಾರೂ ಬಾಯಿ ಬಿಡಲ್ಲ.

ನಮ್ಮ ಕೆಳಗಿರೋ ಬಂಡೆ ನೈಸ್ ಅನ್ನೋ ಜಾತಿದು, ಕಪ್ಪು ಬಿಳಿ ಪಟ್ಟೆಪಟ್ಟೆ ಇರುತ್ತಲ್ಲ, ಚಪ್ಪಡಿ ಕಲ್ಲಾಗಿ ನಿಮ್ಮ ಮನೆ ಮುಂದೇನೇ ಹಾಸಿರಬಹುದು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಅದಕ್ಕೆ ಹೋಲಿಸಿದ್ರೆ ಮೈಸೂರಿನ ಚಾಮುಂಡಿ ಬೆಟ್ಟದ ಗ್ರಾನೈಟ್ ಎಳೇದು, 80 ಕೋಟಿ ವರ್ಷದ ಆಸುಪಾಸು. ಈ ನೈಸ್ ಬಂಡೆ ಬಿಸಿಲು ಮಳೆಗೆ ಶಿಥಿಲವಾಗಿ, ಅದರಲ್ಲಿರೋ ಕಬ್ಬಿಣ ತುಕ್ಕು ಹಿಡಿದು ಕೆಂಪಾಗಿ, ನಮ್ಮ ಕೆಂಪು ಮಣ್ಣಾಗಿದೆ. ಮೇಲಿನ ಒಂದು ಗೇಣು ಮರಳು ಮರಳಾಗಿರುತ್ತೆ, ಕೆಳಗೆ ಹೋದ್ರೆ ಜೇಡಿ ಜಾಸ್ತಿ, ಅದಕ್ಕೂ ಕೆಳಗೆ ಅರ್ಧ ಕೊಳೆತ ಬಂಡೆ. ಮೇಲಿನ ಜೇಡಿನೆಲ್ಲ ಮಳೆ ನೀರು ಸಾವಿರಾರು ವರ್ಷ ಕೆಳಕ್ಕೆ ಇಳಿಸಿ ಇಳಿಸಿ ಹಾಗಾಗಿದೆ.

ಈಗ ಎರೆ ಭೂಮಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತೆ, ಒಣಗಿದಾಗ ಬಿರುಕು ಬಿಡುತ್ತೆ, ಆ ಬಿರುಕಲ್ಲಿ ಮುಂದಿನ ಮಳೆ ಸೀದಾ ಒಳಕ್ಕೆ ಹೋಗುತ್ತೆ. ಕೆಂಪು ಮಣ್ಣಿನ ಜೇಡಿ ಬೇರೆ ಜಾತಿದು, ಅದು ಅಷ್ಟು ಉಬ್ಬೋದೂ ಇಲ್ಲ ಬಿರಿಯೋದೂ ಇಲ್ಲ. ಅದನ್ನ ಬೆತ್ತಲೆ ಬಿಟ್ರಿ ಅಂದ್ರೆ ಭರಣಿ ಮಳೆಯ ದಪ್ಪ ಹನಿ ಬಿದ್ದ ಏಟಿಗೆ ಮೇಲಿನ ಕಣಗಳೆಲ್ಲ ಒಡೆದು, ನುಣ್ಣನೆ ಪುಡಿ ಹೋಗಿ ಸಂದಿಗಳನ್ನೆಲ್ಲ ಮುಚ್ಚಿ, ಒಣಗಿದ ಮೇಲೆ ಸಗಣಿ ಸಾರಿಸಿದ ಅಂಗಳದ ಹಾಗೆ ಹೆಪ್ಪುಗಟ್ಟುತ್ತೆ. ರಾಗಿ ಬಿತ್ತಿ ಮೊಳಕೆ ಬರೋ ಮುಂಚೆ ಜೋರು ಮಳೆ ಹೊಡೆದು ಮೇಲೆ ಪದರ ಕಟ್ಟಿ ಮೊಳಕೆನೇ ಮೇಲೆ ಬರ್ದೆ ಒದ್ದಾಡೋದನ್ನ ಇಲ್ಲಿ ಕೂತಿರೋ ರೈತರು ನೋಡೇ ಇರ್ತೀರ. ಅದೇ ಇದು. ಆಮೇಲೆ ಬರೋ ಮಳೆ ಎಲ್ಲಾ ಹಳ್ಳಕ್ಕೆ.

ಇಲ್ಲಿ ಮೇಜಿನ ಮೇಲೆ ಎರಡು ಗಾಜಿನ ಲೋಟ ಇಟ್ಟಿದೀನಿ ನೋಡಿ, ಮುಂದಿನ ಸಾಲಿನೋರು ಹತ್ರ ಬನ್ನಿ. ಎರಡರಲ್ಲೂ ನೀರಿದೆ. ಈ ಕೈಲಿರೋ ಹೆಂಟೆ ಕಾವಲಿನದು, ಹುಲ್ಲಿನ ಬುಡದ ಪಕ್ಕದಿಂದ ತಂದಿದ್ದು. ಈ ಕೈದು ಅದೇ ಕಾವಲಿನ ಬೇಲಿ ಆಚೆ ಇರೋ ಹೊಲದ್ದು, ವರ್ಷಾ ವರ್ಷ ಟ್ರ್ಯಾಕ್ಟರ್ ಹೊಡೆಸೋ ಹೊಲ. ಎರಡೂ ಒಂದೇ ಬಂಡೆಯಿಂದ ಆದ ಮಣ್ಣು, ಬಣ್ಣನೂ ಒಂದೇ. ಎರಡನ್ನೂ ಒಣಗಿಸಿ ತಂದಿದೀನಿ. ಈಗ ನಿಧಾನಕ್ಕೆ ಬಿಡ್ತೀನಿ. ನೋಡಿ, ಹೊಲದ್ದು ಆಗ್ಲೇ ಗುಳ್ಳೆ ಬಿಡ್ತಾ ಇದೆ, ಅಂಚು ಕುಸೀತಾ ಇದೆ, ಕುಸೀತು, ಪೂರ್ತಿ ಪುಡಿಯಾಗಿ ತಳ ಸೇರ್ತು, ನೀರು ಕೆಂಪಾಯ್ತು. ಕಾವಲಿನದು ನೋಡಿ, ಹಾಗೇ ಕೂತಿದೆ. ನೀರು ಇನ್ನೂ ತಿಳಿಯಾಗೇ ಇದೆ. ನಾವು ಮಾತಾಡೋದು ಮುಗಿಯೋ ತನಕ ಅಲ್ಲೇ ಇರ್ಲಿ ಬಿಡಿ.

ಆ ಹೆಂಟೆನ ಹಿಡಿದಿಟ್ಟಿರೋದು ಏನು? ಮೊದಲ್ನೇದು ಹುಲ್ಲಿನ ಬೇರು, ಕೂದಲಿಗಿಂತ ತೆಳು, ಒಡೆದು ನೋಡಿದ್ರೆ ಬಿಳಿ ಬಿಳಿ ಎಳೆ ಕಾಣ್ತವೆ. ಎರಡ್ನೇದು ಬೇರಿನ ಜೊತೆ ಇರೋ ಶಿಲೀಂಧ್ರದ ದಾರ, ಅದು ಬರಿಗಣ್ಣಿಗೆ ಸರಿಯಾಗಿ ಕಾಣಲ್ಲ. ಮೂರ್ನೇದು ಸತ್ತ ಬೇರು ಕೊಳೆತು ಆಗಿರೋ ಅಂಟು. ಹುಲ್ಲಿನ ಬೇರಲ್ಲಿ ಒಂದು ಪಾಲು ವರ್ಷಾ ವರ್ಷ ಸಾಯುತ್ತೆ, ಹೊಸಾದು ಬರುತ್ತೆ, ಸತ್ತಿದ್ದು ಅಲ್ಲೇ ಮಣ್ಣಾಗುತ್ತೆ. ಕಾಡಲ್ಲಿ ಗೊಬ್ಬರ ಮೇಲಿಂದ ಉದುರುತ್ತೆ, ಹುಲ್ಲುಗಾವಲಲ್ಲಿ ಗೊಬ್ಬರ ನೆಲದೊಳಗೇ ತಯಾರಾಗುತ್ತೆ. ಅದಕ್ಕೇ ಹುಲ್ಲುಗಾವಲಿನ ಇಂಗಾಲದಲ್ಲಿ ಬಹುಪಾಲು ಮಣ್ಣಲ್ಲಿರುತ್ತೆ, ಮೇಲೆ ಬೆಂಕಿ ಬಿದ್ರೂ ಅದು ಅಲ್ಲೇ ಉಳಿಯುತ್ತೆ. ನಿಮ್ಮ ಸಾಯಿಲ್ ಹೆಲ್ತ್ ಕಾರ್ಡ್ ತೆಗೆದು ನೋಡಿ, ಸಾವಯವ ಇಂಗಾಲ ಅಂತ ಒಂದು ಸಾಲು ಇರುತ್ತೆ, ಅರ್ಧ ಪರ್ಸೆಂಟ್‌ಗಿಂತ ಕಮ್ಮಿ ಇದ್ರೆ ಕಡಿಮೆ ಅಂತ ಬರೀತಾರೆ. ಕೆಂಪು ಭೂಮಿ ಉಳೋರ ಕಾರ್ಡಲ್ಲಿ ಈ ಸಾಲಿಗೆ ಏನ್ ಬರೆದಿರುತ್ತೆ ಅಂತ ನಾನು ಹೇಳ್ಬೇಕಾ.

ಗೆದ್ದಲನ್ನ ಮರೀಬಾರ್ದು. ತೋಟದೋರಿಗೆ ಗೆದ್ದಲು ಅಂದ್ರೆ ಆಗಲ್ಲ, ಆದ್ರೆ ಕಾವಲಿನ ಹೆಪ್ಪುಗಟ್ಟಿದ ನೆಲದಲ್ಲಿ ನೀರು ಇಳಿಯೋಕೆ ದಾರಿ ಮಾಡಿಕೊಡೋದೇ ಅದು. ಆಳದ ಜೇಡಿ ಮಣ್ಣನ್ನ ಮೇಲಕ್ಕೆ ಹೊತ್ತು ತಂದು ಹುತ್ತ ಕಟ್ಟುತ್ತೆ, ಸಾವಿರ ವರ್ಷದಲ್ಲಿ ಮಳೆ ಕೆಳಕ್ಕಿಳಿಸಿದ್ದನ್ನ ಇದು ವಾಪಸ್ ತರುತ್ತೆ. ಹುತ್ತ ಕರಗಿದ ಜಾಗದಲ್ಲಿ ಹುಲ್ಲು ಸುತ್ತಮುತ್ತಕ್ಕಿಂತ ಹಸಿರಾಗಿರೋದನ್ನ ಕುರಿ ಕಾಯೋರನ್ನ ಕೇಳಿ, ಕರ್ಕೊಂಡೋಗಿ ತೋರಿಸ್ತಾರೆ. ಹಾಗೇ ಹುಲ್ಲಿನ ಬುಡಗಳ ಮಧ್ಯೆ ಬರೀ ನೆಲ ಅನ್ಕೊಳ್ತೀವಲ್ಲ, ಅಲ್ಲಿ ಕೆಲವು ಕಡೆ ಒಣಗಿದ ಕರೀ ಹಪ್ಪಳಿಕೆ ತರ ಬಿದ್ದಿರುತ್ತೆ, ಕಾಲಲ್ಲಿ ತುಳಿದ್ರೆ ಚರ ಚರ ಅನ್ನುತ್ತೆ. ಮಳೆ ಬಂದ ಸ್ವಲ್ಪ ಹೊತ್ತಿಗೆ ಅದೇ ಹಸಿರು ಲೋಳೆಯಾಗಿ ಉಬ್ಬಿ ನಿಲ್ಲುತ್ತೆ. ನಾಸ್ಟಾಕ್ ಅಂತ ಅದರ ಹೆಸರು, ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಕೊಡೋ ಜೀವಿ. ಯೂರಿಯಾ ಚೀಲಕ್ಕೆ ಕ್ಯೂ ನಿಲ್ಲೋ ನಾವು ಅದನ್ನ ತುಳ್ಕೊಂಡು ಹೋಗ್ತೀವಿ.

ಈಗ ಹುಲ್ಲಿಗೆ ಬರ್ತೀನಿ.

ಹುಲ್ಲು ಅಂದ್ರೆ ಒಂದೇ ಅಲ್ಲ. 1973ರಲ್ಲಿ ದಬಡ್ಘಾವ್ ಮತ್ತೆ ಶಂಕರನಾರಾಯಣ್ ಅನ್ನೋ ಇಬ್ಬರು ವಿಜ್ಞಾನಿಗಳು ದೇಶದ ಹುಲ್ಲುಗಾವಲನ್ನೆಲ್ಲ ಐದು ಬಗೆಯಾಗಿ ವಿಂಗಡಿಸಿದ್ರು, ಅದರಲ್ಲಿ ನಮ್ಮ ದಖ್ಖನ್ ಬಯಲಿನದು ಸೆಹಿಮಾ-ಡೈಕ್ಯಾಂಥಿಯಂ ಬಗೆ. ಹೆಸರು ನೆನಪಿಟ್ಕೊಳ್ಳಿ ಅಂತ ಹೇಳ್ತಿಲ್ಲ, ಆದ್ರೆ ಅದರಿಂದ ಒಂದು ಉಪಯೋಗದ ವಿಷ್ಯ ಇದೆ. ಚೆನ್ನಾಗಿ ಉಳಿದಿರೋ ಕಾವಲಲ್ಲಿ ಸೆಹಿಮಾದಂಥ ದನಕ್ಕೆ ಇಷ್ಟವಾದ ಬಹುವಾರ್ಷಿಕ ಹುಲ್ಲು ಇರುತ್ತೆ. ಮೇಯೋದು ಜಾಸ್ತಿ ಆಗ್ತಾ, ಬೆಂಕಿ ಬೀಳ್ತಾ ಹೋದ ಹಾಗೆ ಅದು ಹಿಂದೆ ಸರಿದು ಊಬಿನ ಹುಲ್ಲು ಮುಂದೆ ಬರುತ್ತೆ. ಇನ್ನೂ ಹಿಂಸೆ ಕೊಟ್ರೆ ಅದೂ ಹೋಗಿ ಅರಿಸ್ಟಿಡ ಅನ್ನೋ ಬಡಕಲು ಹುಲ್ಲು, ಬೀಜಕ್ಕೆ ಮೂರು ಕೂದಲಿರುತ್ತೆ, ಅದು ಬರುತ್ತೆ. ಅದೂ ಹೋದ್ಮೇಲೆ ನೆಲನೇ. ಅಂದ್ರೆ ಒಂದು ಗೋಮಾಳಕ್ಕೆ ಹೋಗಿ ಯಾವ ಹುಲ್ಲಿದೆ ಅಂತ ನೋಡಿದ್ರೆ ಆ ಊರಿನೋರು ಆ ಜಾಗನ ಇಷ್ಟು ವರ್ಷ ಹೇಗೆ ನಡೆಸ್ಕೊಂಡಿದಾರೆ ಅನ್ನೋದು ಗೊತ್ತಾಗಿಬಿಡುತ್ತೆ, ಪಂಚಾಯ್ತಿ ಕಡತ ನೋಡ್ಬೇಕಾಗಿಲ್ಲ.

ಊಬಿನ ಹುಲ್ಲು ಅಂದೆ. ಸೈನ್ಸಲ್ಲಿ ಹೆಟೆರೊಪೋಗನ್ ಕಂಟಾರ್ಟಸ್. ನವೆಂಬರ್ ಡಿಸೆಂಬರ್‌ನಲ್ಲಿ ಕಾವಲು ದಾಟಿ ಬಂದ್ರೆ ಪ್ಯಾಂಟು, ಪಂಚೆ, ಸಾಕ್ಸಿಗೆಲ್ಲ ಚುಚ್ಕೊಂಡು ಬಂದು ಮನೇಲಿ ಕೂತು ಒಂದೊಂದೇ ಕೀಳ್ಬೇಕಲ್ಲ, ಅದೇ. ಒಂದು ಬೀಜ ತಂದಿದೀನಿ, ಕೈಯಿಂದ ಕೈಗೆ ಕೊಡ್ತಾ ನೋಡಿ. ಕೆಳಗಿನ ತುದಿ ಸೂಜಿ, ಆ ಸೂಜಿ ಸುತ್ತ ಕಂದು ಬಣ್ಣದ ಗಡುಸು ರೋಮ, ಎಲ್ಲಾ ಹಿಮ್ಮುಖವಾಗಿ ಬಾಗಿದೆ, ಒಳಗೆ ಹೋದ್ರೆ ವಾಪಸ್ ಬರಬಾರ್ದು ಅಂತ. ಮೇಲಕ್ಕೆ ಎರಡು ಮೂರು ಇಂಚಿನ ಊಬು, ಅಂದ್ರೆ ಬಾಲದ ತರ ಗಡುಸು ಎಳೆ, ಅದರ ಕೆಳಗಿನ ಭಾಗ ಹಗ್ಗ ಹೊಸೆದ ಹಾಗೆ ತಿರುಚಿದೆ, ಅರ್ಧ ದಾರಿಲಿ ಮಂಡಿ ಮಡಚಿದೆ. ಈಗ ಬೆರಳು ಒದ್ದೆ ಮಾಡ್ಕೊಂಡು ಆ ತಿರುಚಿದ ಭಾಗಕ್ಕೆ ಒಂದು ಹನಿ ನೀರು ಮುಟ್ಟಿಸಿ ಅಂಗೈ ಮೇಲೆ ಇಟ್ಕೊಳ್ಳಿ. ತಡೀರಿ. ಹಾ, ತಿರುಗ್ತಾ ಇದೆ ಅಲ್ವಾ? ಯಾರೂ ಮುಟ್ತಿಲ್ಲ, ತಾನೇ ಸುತ್ತು ಬಿಚ್ಕೊಳ್ತಾ ಇದೆ. ಒಣಗಿದಾಗ ಮತ್ತೆ ಸುತ್ಕೊಳ್ಳುತ್ತೆ. ಬೀಜ ನೆಲಕ್ಕೆ ಬಿದ್ಮೇಲೆ ಇಬ್ಬನಿ ಬಂತು ಬಿಚ್ತು, ಬಿಸಿಲು ಬಂತು ಸುತ್ಕೊಳ್ತು, ಹೀಗೆ ತಿರುಗಿ ತಿರುಗಿ ನೆಲದ ಸಂದಿಲಿ ತನ್ನನ್ನ ತಾನೇ ಬಿತ್ಕೊಳ್ಳುತ್ತೆ. ಕೂರಿಗೆ ಬೇಡ, ಎತ್ತು ಬೇಡ. ಕುರಿ ಮೈಗೆ ಹತ್ಕೊಂಡ್ರೆ ಉಣ್ಣೆ ದಾಟಿ ಚರ್ಮಕ್ಕೂ ತಿರುಗ್ತಾ ಹೋಗುತ್ತೆ, ಅದಕ್ಕೇ ಊಬು ಬಲಿತಿರೋ ತಿಂಗಳು ಕುರಿಯೋರು ಮಂದೆನ ಆ ಕಡೆ ಬಿಡಲ್ಲ. ಎಳೇದಿದ್ದಾಗ ಮಾತ್ರ ಇದು ಒಳ್ಳೇ ಮೇವು, ಬಲಿತ್ಮೇಲೆ ಸೂರು ಹೊದಿಸೋಕೆ.

ಹುಲ್ಲು ಕುಯ್ದಷ್ಟೂ ಯಾಕೆ ಬರುತ್ತೆ ಅಂತ ಒಬ್ಬ ಹುಡುಗ ಆಗ್ಲೇ ಕೇಳ್ದ. ಗಿಡದ ಬೆಳೆಯೋ ಕುಡಿ ತುದಿಲಿರುತ್ತೆ, ಆಡು ಚಿಗುರು ಕಡಿದ್ರೆ ಆ ಕೊಂಬೆ ಅಲ್ಲಿಗೇ ನಿಂತು ಪಕ್ಕದಿಂದ ಒಡೀಬೇಕು. ಹುಲ್ಲಿನ ಕುಡಿ ಬುಡದಲ್ಲಿ, ನೆಲಕ್ಕೆ ಅಂಟ್ಕೊಂಡು, ಒಣಗಿದ ಎಲೆಗಳ ಒಳಗೆ ಬಚ್ಚಿಟ್ಕೊಂಡಿರುತ್ತೆ. ಮೇಲೆ ಹಸು ತಿನ್ಲಿ, ಕುಡುಗೋಲು ಹಾಕ್ಲಿ, ಬೆಂಕಿ ಸರಸರ ಅಂತ ಹಾದು ಹೋಗ್ಲಿ, ಬುಡ ಉಳಿದಿದ್ರೆ ಮಳೆ ಬಂದ ವಾರದೊಳಗೆ ಚಿಗುರು. ಬುಡನ ಕಿತ್ರೆ ಮಾತ್ರ ಮುಗೀತು. ಜೆಸಿಬಿ ಮಾಡೋದು ಅದನ್ನೇ.

ಹುಲ್ಲಿನ ಜೊತೆ ಇನ್ನೂ ಎಷ್ಟೋ ಇದಾವೆ. ಕೊಗ್ಗಿ ಗಿಡ, ಕಿತ್ತು ಬೇರು ನೋಡಿದ್ರೆ ಸಣ್ಣ ಸಣ್ಣ ಗಂಟು, ಗಂಟು ಚಿವುಟಿದ್ರೆ ಒಳಗೆ ನಸುಗೆಂಪು, ಆ ಕೆಂಪಿದ್ರೆ ಗಂಟು ಸಾರಜನಕ ಹಿಡಿಯೋ ಕೆಲಸ ಮಾಡ್ತಾ ಇದೆ ಅಂತ. ಬೆಳಗ್ಗೆ ಮಾತ್ರ ಕಣ್ಣು ಬಿಡೋ ನೀಲಿ ವಿಷ್ಣುಕ್ರಾಂತಿ. ಚರ್ಮ ಹದ ಮಾಡೋಕೆ ತೊಗಟೆ ಕೊಡ್ತಿದ್ದ ತಂಗಡಿ. ಉಜ್ಜಿದ್ರೆ ನಿಂಬೆ ವಾಸನೆ ಬರೋ ಒಂದು ಎತ್ತರದ ಹುಲ್ಲು, ದನ ಮೂಸಿ ಮುಂದಕ್ಕೆ ಹೋಗುತ್ತೆ. ಎಲ್ಲದರ ಹೆಸರು ಹೇಳ್ತಾ ಕೂತ್ರೆ ಸಂಜೆಯಾಗುತ್ತೆ.

ಆದ್ರೆ ಒಂದು ಗುಂಪನ್ನ ಬಿಡೋಕಾಗಲ್ಲ, ಗೆಡ್ಡೆ ಗಿಡಗಳು. ಬೇಸಿಗೆ ಉರಿಯೋ ಹೊತ್ತಲ್ಲಿ, ಇನ್ನೂ ಒಂದು ಮಳೆನೂ ಸರಿಯಾಗಿ ಬಿದ್ದಿರಲ್ಲ, ಕಾವಲಿನ ನೆಲದಿಂದ ಎಲೆನೇ ಇಲ್ದೆ ಒಂದು ಉದ್ದನೆ ಕಡ್ಡಿ ಎದ್ದು ಅದರಲ್ಲಿ ಮಾಸಲು ಬಣ್ಣದ ಹೂ ಜೋತಾಡ್ತಾ ಇರುತ್ತೆ. ಅದು ಕಾಡೀರುಳ್ಳಿ. ಎಲೆ ಬರೋದು ಆಮೇಲೆ, ಮಳೆಗೆ. ಮಳೆ ಶುರುವಾದ್ಮೇಲೆ ನೆಲಕ್ಕೇ ಅಂಟ್ಕೊಂಡು ಹಳದಿ ನಕ್ಷತ್ರದ ಹೂ ಬಿಡೋದು ನೆಲತಾಳೆ, ನೋಡಿದ್ರೆ ಹುಲ್ಲೇ ಅನ್ಕೋಬೇಕು, ಹೂ ಬಂದಾಗ್ಲೇ ಗುಟ್ಟು ರಟ್ಟು. ಇವು ಯಾಕೆ ಮುಖ್ಯ ಅಂದ್ರೆ, ಗೆಡ್ಡೆ ದಪ್ಪ ಆಗೋಕೆ ವರ್ಷಗಟ್ಟಲೆ ಬೇಕು, ನೇಗಿಲು ಒಂದ್ಸಲ ಬಿದ್ರೆ ಮೇಲಕ್ಕೆ ಬಂದು ಒಣಗಿ ಹೋಗುತ್ತೆ, ಬೀಜದಿಂದ ಮತ್ತೆ ಹರಡೋದೂ ನಿಧಾನ. ಹಾಗಾಗಿ ಒಂದು ಜಾಗದಲ್ಲಿ ಕಾಡೀರುಳ್ಳಿ, ನೆಲತಾಳೆ, ಬುಡ ದಪ್ಪಗಿರೋ ಬಹುವಾರ್ಷಿಕ ಹುಲ್ಲು ಇದೆಲ್ಲ ಒಟ್ಟಿಗೆ ಇದ್ರೆ ಆ ಜಾಗ ಬಹಳ ಕಾಲದಿಂದ ಉಳುಮೆ ಕಂಡಿಲ್ಲ ಅಂತ ತಿಳ್ಕೊಳ್ಳಿ, ಅದು ಹಳೇ ಕಾವಲು. ಬರೀ ತುಂಬೆ, ಉತ್ತರಾಣಿ, ಅಣ್ಣೆಸೊಪ್ಪು, ನೆಗ್ಗಿಲು, ಪಾರ್ಥೇನಿಯಂ ಇದ್ರೆ ಅದು ಪಾಳುಬಿದ್ದ ಹೊಲ. ದೂರದಿಂದ ಎರಡೂ ಒಂದೇ ತರ ಬೋಳಾಗಿ ಕಾಣ್ತವೆ, ಸ್ಯಾಟಲೈಟ್ ಚಿತ್ರದಲ್ಲೂ ಅಷ್ಟೇ, ಸರ್ಕಾರಿ ನಕ್ಷೆಗಳಲ್ಲಿ ಎರಡನ್ನೂ ಪಾಳುಭೂಮಿ ಅಂತ ಒಂದೇ ಬಣ್ಣ ಬಳಿದಿರೋದು ಎಷ್ಟೋ ಇದೆ. ಪಾಳು ಹೊಲದಲ್ಲಿ ಗಿಡ ನೆಡಿ, ನಂದೇನೂ ತಕರಾರಿಲ್ಲ, ಮಾವು ಹಾಕಿ, ಹುಣಸೆ ಹಾಕಿ. ಹಳೇ ಕಾವಲಿಗೆ ಮಾತ್ರ ಗುಂಡಿ ತೋಡ್ಬೇಡಿ.

ಇಷ್ಟು ಹಳೇ ಹುಲ್ಲುಗಾವಲು ನಮ್ಮ ಸೀಮೆಲಿ ಉಳಿದಿರೋದು ಆಕಸ್ಮಿಕ ಅಲ್ಲ, ಅದಕ್ಕೊಂದು ಇತಿಹಾಸ ಇದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದ್ರೆ 1673ರಿಂದ 1704ರ ಮಧ್ಯೆ, ಅರಮನೆಗೆ ಹಾಲು ಬೆಣ್ಣೆಗೆ ಅಂತ ಬೆಣ್ಣೆ ಚಾವಡಿ ಅನ್ನೋ ಇಲಾಖೆ ಶುರುವಾಯ್ತು, ದನಕ್ಕೆ ಅಂತ ಊರೂರಲ್ಲಿ ಕಾವಲು ಬಿಟ್ರು. ಟಿಪ್ಪು ಅದಕ್ಕೆ ಅಮೃತ್ ಮಹಲ್ ಅಂತ ಹೆಸರಿಟ್ಟ, ಆ ಎತ್ತುಗಳು ಸೈನ್ಯದ ಫಿರಂಗಿ ಎಳೆದ್ವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ಮೇಲೆ ಬ್ರಿಟಿಷರೂ ಆ ಮಂದೆನ ಬಿಡ್ಲಿಲ್ಲ. 1860ರಲ್ಲಿ ಖರ್ಚು ಅಂತ ಮಂದೆ ಮಾರಿ ಕೈತೊಳ್ಕೊಂಡ್ರು, ಆಮೇಲೆ ಎತ್ತು ಸಿಗ್ದೆ ಪೇಚಾಡಿ 1866ರಲ್ಲಿ ಮತ್ತೆ ಶುರು ಮಾಡಿದ್ರು! ಸರ್ಕಾರದ ಲೆಕ್ಕಾಚಾರ ಆಗ್ಲೂ ಹಾಗೇನೇ.

ನಂಗೆ ಅದರಲ್ಲಿ ಇಷ್ಟವಾಗೋದು ಅವ್ರು ಕಾವಲನ್ನ ನಡೆಸ್ತಿದ್ದ ರೀತಿ. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಮೂರು ತರ. ಬೇಸಿಗೆ ಕಾವಲು ಅಂದ್ರೆ ಬಹಳಷ್ಟು ಕೆರೆ ಅಂಗಳಗಳೇ, ನೀರು ಇಳಿದ ಜಾಗದಲ್ಲಿ ಹುಲ್ಲು ಬರುತ್ತೆ, ನೆರಳಿಗೆ ಮರ ಇರುತ್ತೆ. ದನ ಮುಂದಿನ ಕಾವಲಿಗೆ ಹೊರಟ್ಮೇಲೆ ಹಿಂದಿನ ಕಾವಲಿಗೆ ರಜ. ಅಷ್ಟರಲ್ಲಿ ಹುಲ್ಲು ಬೀಜ ಕಟ್ಟಿ ಉದುರಿಸಿ ಮುಗಿಸಿರುತ್ತೆ. ಈಗ ನಮ್ಮ ಗೋಮಾಳಕ್ಕೆ ಆ ರಜ ಇಲ್ಲ. ನೂರು ದನಕ್ಕೆ 12 ಹೆಕ್ಟೇರ್, ಅಂದ್ರೆ 30 ಎಕರೆ ಗೋಮಾಳ ಬಿಡ್ಬೇಕು ಅಂತ ಭೂ ಕಂದಾಯದ ನಿಯಮ ಇದೆ, ಬಗರ್ ಹುಕುಂ ಆಗಿ, ಲೇಔಟ್ ಆಗಿ, ಆಶ್ರಯ ಸೈಟ್ ಆಗಿ ಎಷ್ಟು ಉಳಿದಿದೆ ಅಂತ ನಿಮ್ಮೂರಲ್ಲೇ ನೋಡ್ಕೊಳ್ಳಿ. ಉಳಿದ ಚೂರಿನ ಮೇಲೆ 365 ದಿನನೂ ಕುರಿ. ಕುರಿ ಹಸುಗಿಂತ ಬುಡಕ್ಕೆ ಹತ್ರ ಕಡಿಯುತ್ತೆ. ಹಾಗಂತ ಕುರಿಯೋರನ್ನ ಬೈಬೇಡಿ, ಮಳವಳ್ಳಿ ಕಡೆಯ ಬಂಡೂರು ಕುರಿ ಮಾಂಸಕ್ಕೆ ಬೆಂಗಳೂರಿನೋರು ಹುಡ್ಕೊಂಡು ಬರ್ತಾರಲ್ಲ, ಆ ತಳಿ ರೂಪುಗೊಂಡಿದ್ದು ಈ ಒಣ ಸೀಮೆಯ ಮೇವಿನ ಮೇಲೇನೇ.

ಸ್ವಲ್ಪ ದೂರದ ಉದಾಹರಣೆ ಕೊಡ್ತೀನಿ, ಅಮೆರಿಕದ್ದು. ರಾಕಿ ಪರ್ವತದ ಪೂರ್ವಕ್ಕೆ, ಕೊಲರಾಡೊ ಆ ಕಡೆಯೆಲ್ಲ ಗಿಡ್ಡ ಹುಲ್ಲಿನ ಬಯಲು ಇದೆ, ಮಳೆ ನಮ್ಮ ಅರ್ಧ, 300ರಿಂದ 400 ಮಿಲಿಮೀಟರ್. ಬ್ಲೂ ಗ್ರಾಮ, ಬಫೆಲೊ ಗ್ರಾಸ್ ಅಂತ ಅಲ್ಲಿನ ಮುಖ್ಯ ಹುಲ್ಲು, ಗೇಣುದ್ದ ಕೂಡ ಬೆಳೆಯೋದು ಕಷ್ಟ, ಕಾಡೆಮ್ಮೆಗಳು ಮೇಯ್ತಿದ್ದ ಜಾಗ. ಮೊದಲನೇ ಮಹಾಯುದ್ಧದ ಸುಮಾರಿಗೆ ಗೋಧಿಗೆ ರೇಟ್ ಬಂತು, ಆ ಕಡೆ ಬಯಲುಗಳನ್ನ ಲಕ್ಷಾಂತರ ಎಕರೆ ಟ್ರ್ಯಾಕ್ಟರ್ ಹಾಕಿ ಉತ್ರು. 30ರ ದಶಕದಲ್ಲಿ ಬರ ಬಂತು. ಬೇರಿನ ಹಿಡಿತ ಇಲ್ದೇ ಇರೋ ಮಣ್ಣು ಗಾಳಿಗೆ ಎದ್ದು, 1935ರ ಏಪ್ರಿಲ್ 14ನೇ ತಾರೀಕು, ಭಾನುವಾರ, ಹಗಲೇ ಕತ್ತಲಾಯ್ತು. ಅದೇ ತಿಂಗಳು ಅಲ್ಲಿ ಮಣ್ಣು ಸಂರಕ್ಷಣೆ ಕಾಯ್ದೆ ಬಂತು. ಉತ್ತು ಬಿಟ್ಟ ಜಾಗಗಳಿಗೆ ಬ್ಲೂ ಗ್ರಾಮ ತಾನಾಗಿ ವಾಪಸ್ ಬರೋಕೆ ದಶಕಗಳೇ ಹಿಡೀತು. ಇನ್ನೊಂದು ವಿಷ್ಯ, ಕೊಲರಾಡೊದಲ್ಲಿ 30ರ ದಶಕದಿಂದಲೂ ಒಂದು ಪ್ರಯೋಗ ಕ್ಷೇತ್ರ ಇದೆ, ಅಲ್ಲಿ ಕಂಡಿದ್ದು ಏನಂದ್ರೆ, ಹದವಾಗಿ ದನ ಮೇಯ್ಸಿದ್ರೆ ಆ ಹುಲ್ಲಿಗೆ ಏನೂ ಆಗಲ್ಲ, ಉಳುಮೆ ತಡ್ಕೊಳ್ಳೋಕೆ ಮಾತ್ರ ಆಗಲ್ಲ. ನಮ್ಮದು ಬೇರೆ ಹುಲ್ಲು, ಬೇರೆ ಮಳೆ, ಅಲ್ಲಿಂದ ಇಲ್ಲಿಗೆ ಎಲ್ಲಾನೂ ಎತ್ತಿ ತರೋಕಾಗಲ್ಲ, ಆದ್ರೆ ಈ ಒಂದು ಮಾತು ಇಲ್ಲಿಗೂ ಹೊಂದುತ್ತೆ.

ಈಗ ಗಿಡ ನೆಡೋ ವಿಷ್ಯ, ಬೇಜಾರ್ ಮಾಡ್ಕೋಬೇಡಿ.

ಜೂನ್ 5, ಪರಿಸರ ದಿನ ಬಂತು ಅಂದ್ರೆ ಎಲ್ರಿಗೂ ಗುಂಡಿ ತೋಡೋ ಆಸೆ. ಮೊದಲ್ನೇದಾಗಿ ಆ ತಾರೀಕೇ ನಮ್ಮ ಸೀಮೆಗೆ ಸರಿಯಿಲ್ಲ. ನಮ್ಮ ಕಡೆ ಜೋರು ಮಳೆ ಬರೋದು ಮೇನಲ್ಲಿ, ಆಮೇಲೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ. ಜೂನ್ ಜುಲೈ ಇಲ್ಲಿ ಬರೀ ಮೋಡ, ಗಾಳಿ, ಜಡಿ, ಘಟ್ಟ ಮಳೆನೆಲ್ಲ ತಡೆದುಬಿಡುತ್ತೆ. ಕೇರಳ ಕೊಡಗಿನ ಕ್ಯಾಲೆಂಡರ್ ಇಟ್ಕೊಂಡು ನಾಗಮಂಗಲದಲ್ಲಿ ಸಸಿ ನೆಟ್ರೆ ಆಗಸ್ಟ್‌ಗೆ ಕಡ್ಡಿ ಉಳಿಯುತ್ತೆ. ಎರಡ್ನೇದು, ಸಸಿ ಸತ್ರೂ ಗುಂಡಿ ಉಳಿಯುತ್ತೆ. ಎರಡಡಿ ಗುಂಡಿ ತೋಡಿ ಕೆಳಗಿನ ಜೇಡಿ ತೆಗೆದು ಹುಲ್ಲಿನ ಬುಡದ ಮೇಲೆ ಸುರೀತಾರೆ, ಅಲ್ಲಿ ಮುಂದಿನ ವರ್ಷ ಬರೋದು ಪಾರ್ಥೇನಿಯಂ. ಅದು ಕೆದಕಿದ ನೆಲಕ್ಕಾಗಿ ಕಾಯ್ತಾ ಇರುತ್ತೆ. ಗೋಧಿ ಜೊತೆ ಬಂದು 50ರ ದಶಕದಲ್ಲಿ ಪುಣೆಲಿ ಕಾಣಿಸ್ಕೊಂಡ ಗಿಡ ಇಡೀ ದೇಶ ಹತ್ಕೊಂಡಿದ್ದು ರಸ್ತೆ ಅಂಚು, ಸೈಟು, ಹೊಲ, ಇಂಥ ಕೆದಕಿದ ಜಾಗಗಳನ್ನೇ ಹಿಡ್ಕೊಂಡು. ಗಟ್ಟಿ ಹುಲ್ಲಿರೋ ಕಡೆ ಅದಕ್ಕೆ ಅಷ್ಟು ಸುಲಭಕ್ಕೆ ಎಡೆ ಸಿಗಲ್ಲ.

ಮೂರ್ನೇದು, ಸಸಿ ಬದುಕಿದ್ರೆ ಇನ್ನೂ ಕಷ್ಟ. ನಮ್ಮ ಬಯಲಿನ ಹುಲ್ಲಿಗೆ ಬಿಸಿಲು ಬೇಕು, ನೆರಳು ಬಿದ್ರೆ ಸೊರಗುತ್ತೆ. ರಾಣೆಬೆನ್ನೂರು ನೋಡಿ. ಕೃಷ್ಣಮೃಗಕ್ಕೆ ಅಂತ 1974ರಲ್ಲಿ ಅಭಯಾರಣ್ಯ ಆಯ್ತು, 119 ಚದರ ಕಿಲೋಮೀಟರ್. ಆದ್ರೆ ಅದಕ್ಕೂ ಮುಂಚಿಂದ ಆ ಬಯಲಿಗೆ ನೀಲಗಿರಿ ತುಂಬಿಸ್ತಾ ಬಂದಿದ್ರು. ಒಂದು ಕಾಲಕ್ಕೆ ದೊರವಾಯನ ಹಕ್ಕಿ, ಇಂಗ್ಲಿಷಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್, ಕಾಣ್ತಿದ್ದ ಜಾಗ ಅದು, ಈಗ ಇಲ್ಲ. ಆ ಹಕ್ಕಿಗೆ ದೂರದವರೆಗೆ ಕಣ್ಣು ಹಾಯೋ ಬಯಲು ಬೇಕು. ನಮ್ಮ ಮೇಲುಕೋಟೆ ಅಭಯಾರಣ್ಯನೂ 1974ರದ್ದೇ, ಸುಮಾರು 50 ಚದರ ಕಿಲೋಮೀಟರ್, ತೋಳಕ್ಕೆ ಹೆಸರಾದ ಜಾಗ. ತೋಳ ಬಯಲಿನ ಪ್ರಾಣಿ, ಕುರುಚಲು ಮತ್ತೆ ಹುಲ್ಲು ಅದರ ಮನೆ. ಅಲ್ಲಿ ಕಾಡು ದಟ್ಟವಾಗ್ಲಿ ಅಂತ ಬಯಸೋರು ತೋಳದ ಹತ್ರ ಒಂದು ಮಾತು ಕೇಳ್ಲಿ.

ಹಿಂದೆ ಕೂತಿರೋ ಯಜಮಾನ್ರು ಒಂದು ಪ್ರಶ್ನೆ ಕೇಳಿದ್ರು, "ಸಾಮಿ, ನೀವು ಹೇಳೋದೆಲ್ಲ ಸರಿ, ನಮ್ಮೂರ ಗೋಮಾಳದಲ್ಲಿ ಹುಲ್ಲೇ ಇಲ್ವಲ್ಲ, ಲಂಟಾನ ತುಂಬ್ಕೊಂಡದೆ, ಏನ್ ಮಾಡನ?" ಇದಕ್ಕೆ ಉತ್ತರ ಕೊಟ್ಟು ಮುಗಿಸ್ತೀನಿ, ಯಾಕಂದ್ರೆ ಇದು ಕೆಲಸಕ್ಕೆ ಬರೋ ಪ್ರಶ್ನೆ.

ಲಂಟಾನ ಮೇಲಿಂದ ಕಡಿದ್ರೆ ಬುಡದಿಂದ ಇಪ್ಪತ್ತು ಕೊಂಬೆ ಒಡೆಯುತ್ತೆ, ಬೆಂಕಿ ಹಾಕಿದ್ರೂ ಅದೇ ಕತೆ. ಜೆಸಿಬಿ ಹಾಕಿದ್ರೆ ನೆಲ ಕೆದಕಿ ಬೀಜಕ್ಕೆ ಹಾಸಿಗೆ ಹಾಸಿಕೊಟ್ಟ ಹಾಗೆ. ಮಳೆ ಬಿದ್ದು ನೆಲ ಮೆತ್ತಗಿರುವಾಗ, ಕಾಯಿ ಹಣ್ಣಾಗೋ ಮುಂಚೆ, ಬುಡದ ಸುತ್ತ ಸ್ವಲ್ಪ ಮಣ್ಣು ಸರಿಸಿ, ಕಾಂಡ ಬೇರಿಗೆ ಸೇರೋ ಗಂಟಿನ ಕೆಳಗೆ, ನೆಲದಿಂದ ಎರಡು ಇಂಚು ಒಳಗೆ ಗುದ್ದಲಿಲಿ ಕಡೀಬೇಕು, ಕಡಿದು ಪೊದೆನ ತಲೆಕೆಳಗು ಮಾಡಿ ಅಲ್ಲೇ ಒಣಗೋಕೆ ಬಿಡ್ಬೇಕು. ಗಂಟು ಹೋದ್ರೆ ಅದು ಮತ್ತೆ ಒಡೆಯಲ್ಲ. ಒಂಟಿ ಮರಗಳ ಕೆಳಗೆ ಎರಡು ಮೂರು ವರ್ಷ ಕಣ್ಣಿಟ್ಟಿರಿ, ಹಕ್ಕಿಗಳು ಅಲ್ಲಿ ಕೂತು ಬೀಜ ಉದುರಿಸ್ತವೆ, ಹೊಸ ಸಸಿ ಬರೋದು ಅಲ್ಲೇ. ಬಳ್ಳಾರಿ ಜಾಲಿ ಆದ್ರೆ ಬೇರು ಆಳ, ಅದಕ್ಕೆ ಕೂಲಿ ಜಾಸ್ತಿ ಬೀಳುತ್ತೆ, ಮೊದಲು ಲಂಟಾನ ಮುಗಿಸ್ಕೊಳ್ಳಿ.

ಆ ಜಾಗದಲ್ಲಿ ಹುಲ್ಲು ತಾನಾಗೇ ಬರುತ್ತಾ ಅಂತ ಒಂದು ಮಳೆಗಾಲ ನೋಡಿ. ಪಕ್ಕದಲ್ಲೆಲ್ಲಾದ್ರೂ ಹುಲ್ಲು ಉಳಿದಿದ್ರೆ ಬಹಳ ಸಲ ಬರುತ್ತೆ. ಬರ್ಲಿಲ್ಲ ಅಂದ್ರೆ ಅಂಗಡಿ ಬೀಜ ತರ್ಬೇಡಿ, ನೇಪಿಯರ್ ಗೀಪಿಯರ್ ಎಲ್ಲಾ ನೀರಾವರಿ ತೋಟಕ್ಕೆ, ಇಲ್ಲಿಗಲ್ಲ. ನಿಮ್ಮೂರ ಹತ್ರದ ಕಾವಲಿಂದಾನೇ, ಅಲ್ಲಿನೋರನ್ನ ಕೇಳಿ, ನವೆಂಬರ್ ಡಿಸೆಂಬರ್‌ನಲ್ಲಿ ಊಬು ಒಂದಕ್ಕೊಂದು ಹೆಣೆದುಕೊಂಡು ಗೊಂಚಲಾಗಿ ನಿಂತಿರುತ್ತಲ್ಲ ಆಗ ಕೈಲೇ ಎಳೆದು ಗೋಣಿಚೀಲಕ್ಕೆ ತುಂಬ್ಕೊಳ್ಳಿ. ಎಲ್ಲಾನೂ ಬಳೀಬೇಡಿ, ಆ ಕಾವಲಿಗೂ ಬೀಜ ಬೇಕು. ತಂದ ತಕ್ಷಣ ಬಿತ್ತಿದ್ರೆ ಹುಟ್ಟಲ್ಲ, ಊಬಿನ ಹುಲ್ಲಿನ ಹೊಸ ಬೀಜ ತಿಂಗಳುಗಟ್ಟಲೆ ಮಲಗಿರುತ್ತೆ. ಇಲಿ ಹೆಗ್ಗಣಕ್ಕೆ ಸಿಗ್ದೇ ಇರೋ ಹಾಗೆ ಒಣ ಜಾಗದಲ್ಲಿ ಕಟ್ಟಿಡಿ, ಮೇ ಮಳೆಗೆ ಎರಚಿ. ಉಳೋದು ಬೇಡ, ಮುಳ್ಳಿನ ಕೊಂಬೆ ಎಳೆದು ಮೇಲೆ ಸ್ವಲ್ಪ ಗೀರಿದ್ರೆ ಸಾಕು, ಮಿಕ್ಕಿದ್ದನ್ನ ಬೀಜನೇ ಮಾಡ್ಕೊಳ್ಳುತ್ತೆ, ಆಗ್ಲೇ ಅಂಗೈ ಮೇಲೆ ನೋಡಿದ್ರಲ್ಲ.

ಆಮೇಲೆ ಆ ಜಾಗಕ್ಕೆ ಡಿಸೆಂಬರ್ ತನಕ ಕುರಿ ದನ ಬಿಡ್ಬಾರ್ದು. ಕಷ್ಟದ ಕೆಲಸ ಇದೇ, ಗುದ್ದಲಿ ಕೆಲಸ ಅಲ್ಲ. ಗೋಮಾಳನ ಮೂರು ಭಾಗ ಮಾಡ್ಕೊಂಡು ವರ್ಷಕ್ಕೊಂದು ಭಾಗಕ್ಕೆ ರಜ ಕೊಡಿ, ಕುರಿ ಇರೋರನ್ನೆಲ್ಲ ಅರಳಿಕಟ್ಟೆಲಿ ಕೂರಿಸ್ಕೊಂಡು ಮಾತಾಡಿ, ಅವ್ರು ಒಪ್ಪಿದ್ರೆ ಬೇಲಿನೇ ಬೇಡ, ಒಪ್ಪದಿದ್ರೆ ಯಾವ ಬೇಲಿನೂ ನಿಲ್ಲಲ್ಲ. ಬೀಜ ಉದುರಿದ್ಮೇಲೆ ಜನವರಿಲಿ ಬಿಡಿ, ಮೇಯ್ಲಿ, ಕುರಿ ಗೊರಸು ತುಳಿದು ಬೀಜ ನೆಲಕ್ಕೆ ಒತ್ತುತ್ತೆ. ಮೊದಲನೇ ವರ್ಷ ಊಬಿನ ಹುಲ್ಲು ಸಿಕ್ರೆ ಖುಷಿ ಪಡಿ, ಸೆಹಿಮಾ ತರದ ಒಳ್ಳೇ ಹುಲ್ಲು ನಿಧಾನಕ್ಕೆ ಬರುತ್ತೆ. ಗೆಡ್ಡೆ ಗಿಡಗಳು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬರ್ದೇ ಇರಬಹುದು, ಅದನ್ನೂ ಹೇಳಿರ್ತೀನಿ. ಹೋಗ್ಬೇಕಾದ್ರೆ ಲೋಟ ನೋಡ್ಕೊಂಡು ಹೋಗಿ, ಬೀಜ ಯಾರ ಹತ್ರ ಇದೆಯೋ ಇಟ್ಕೊಳ್ಳಿ, ಯಜಮಾನ್ರೇ ನೀವು ಮಾತ್ರ ನಿಮ್ಮೂರ ಹೆಸರು, ಗೋಮಾಳ ಎಷ್ಟೆಕರೆ ಅನ್ನೋದನ್ನ ಬರೆಸಿ ಹೋಗಿ, ಮೊದಲ ಮಳೆ ಬಿದ್ಮೇಲೆ ಬಂದು ನೋಡ್ತೀನಿ.